ಮದುವೆಯಿಲ್ಲದ ಮನೆಗೆ ಮಾವಿನ ತೋರಣ

"ಮದಿವಿ ಗೊತ್ತಾಗದ ಹುಡುಗಿ ಸಲುವಾಗಿ ಈ ಬಾಗಿಲಿಗಿ ತೋರಣ ಏರಂಗಿಲ್ಲ."

ಹೀಗೆಂದವರು ನಮ್ಮ ದೊಡ್ಡಪ್ಪ. ಹಬ್ಬಕ್ಕೆ ಸರಿ, ಮದುವೆಗೆ ಸರಿ. ಹುಡುಗಿ ಡಿಗ್ರಿ ಮುಗಿಸಿದ್ದಕ್ಕೆ? ಸಾಧ್ಯವೇ ಇಲ್ಲ.

ಅವ್ವ ಕಟ್ಟಿಬಿಟ್ಟಳು. ಕಳೆದ ವಾರ ಸರ್ಟಿಫಿಕೇಟ್ ತರಲು ನಾನು ಶಹಾಪುರದ ಬಸ್ಸು ಹತ್ತಿದ ಮೇಲೆ, ಕಾಲುವೆ ದಂಡೆಯಿಂದ ಮಾವಿನೆಲೆ ತಂದು, ನಡುನಡುವೆ ಚೆಂಡುಹೂ ಪೋಣಿಸಿ, ಬಾಗಿಲ ತುಂಬ. (ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ.)

ಹಬ್ಬವಿಲ್ಲದ ದಿನ ತೋರಣ ಕಂಡರೆ ಓಣಿ ಏನು ತಿಳಿಯಬೇಕು? ಪಕ್ಕದ ಮನೆಯ ಶಾಂತಕ್ಕ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕಿದಳು: 'ನಮ್ಮ ದೇವಮ್ಮನ ನಿಶ್ಚಯ'. ದೇವಮ್ಮ ಅಂದರೆ ನಾನೇ. ನಾನು ಮರಳುವಷ್ಟರಲ್ಲಿ ಹೆಂಗಸರು ಉಡುಗೊರೆಗೆಂದು ಕುಬಸದ ಖಣ ಹಿಡಿದು ಅಂಗಳದಲ್ಲಿದ್ದರು.

"ಹುಡುಗ ಯಾ ಊರಾಂವಬೇ? ನೌಕರಿ ಅದನೋ ಇಲ್ಲೋ?"

ನಗು ಬಂತು. ದೊಡ್ಡಪ್ಪನನ್ನು ಕಂಡೊಡನೆ ಅಲ್ಲೇ ಸತ್ತಿತು.

ಅವರ ಕೈ ತೋರಣದ ದಾರದ ಮೇಲಿತ್ತು. ವಡಗೇರಾದ ಹುಡುಗನ ಮನೆಯವರು ಭಾನುವಾರ ನನ್ನನ್ನು ನೋಡಲು ಬರುವವರಿದ್ದರು. ಬರ್ರಿ ಎಂದು ಮಾತು ಕೊಟ್ಟವರು ದೊಡ್ಡಪ್ಪ. ಸ್ಟೇಟಸ್ ಅವರಿಗೂ ಮುಟ್ಟಿತ್ತು. 'ಬೇರೆ ಕಡಿ ಗೊತ್ತು ಮಾಡಿ ನಮ್ಮನ್ಯಾಕ ಕರದ್ರಿ?' ಎಂದು ಫೋನಿನಲ್ಲೇ ದೊಡ್ಡಪ್ಪನನ್ನು ಝಾಡಿಸಿದ್ದರು.

"ಈಗಿಂದೀಗ ಬಿಚ್ಚತೀನಿ. ಖಾಲಿ ಬಾಗಿಲದ ಫೋಟೋ ಕಳಸತೀನಿ. ರವಿವಾರ ಅವರು ಬರಬೇಕು."

ಬಂದರೆ ಮದುವೆ. ಮದುವೆಯಾದರೆ ಮುಂದೆ ನಾನು ಓದಬೇಕೆಂದಿದ್ದ ಬಿ.ಎಡ್. ಅಲ್ಲಿಗೇ ಮುಗಿಯಿತು. ತನ್ನ ಅಣ್ಣನ ಎದುರು ಎಂದೂ ಬಾಯಿ ಬಿಡದ ಅಪ್ಪ ನೆಲ ನೋಡುತ್ತಿದ್ದ.

ಕಾಲುವೆಗೆ ಮೊದಲು ನೀರು ಬಂದಾಗ ಗೇಟಿಗೂ ತೋರಣ ಕಟ್ಟಿದ್ದರಂತೆ. ಹೊಸ ಟ್ರ್ಯಾಕ್ಟರಿಗೆ ಈಗಲೂ ಕಟ್ಟುತ್ತೇವೆ. ಓದಿದ ಹುಡುಗಿ ಟ್ರ್ಯಾಕ್ಟರಿಗಿಂತ ಕಡಿಮೆಯೇ?

"ಹಸೀ ತೋರಣ ಬಿಚ್ಚಬಾರದಂತ ಹೇಳು ನಿಮ್ಮ ದೊಡ್ಡಪ್ಪಗ." ಒಳಗಿನಿಂದ ಅವ್ವನ ದನಿ. (ಬಾವನ ಎದುರು ನಿಂತು ಮಾತಾಡುವ ರೂಢಿ ನಮ್ಮ ಹೆಂಗಸರಿಗಿಲ್ಲ. ಏನಿದ್ದರೂ ನನ್ನ ಮೂಲಕ.)

"ಹಸೀದರ ಇರಲಿ, ಒಣಗೀದರ ಇರಲಿ. ಇಲ್ಲಿ ನನ್ನ ಮರ್ಯಾದಿ ಹೋಗಾಕತ್ತದ!"

ದಾರ ಬಿಗಿಯಾಯಿತು. ಒಂದೆಲೆ ಕಿತ್ತು ಬಿತ್ತು.

ನಾನು ಸರ್ಟಿಫಿಕೇಟನ್ನು ಅವರ ಮುಂದೆ ಚಾಚಿದೆ. "ಎರಡೂ ಕೈಲೆ ಹಿಡೀರಿ ದೊಡ್ಡಪ್ಪಾ. ಮಡಚಬಾರದು."

ಹಿಡಿಯಬೇಕಾಯಿತು. ದಾರ ಬಿಟ್ಟರು. ಹೆಸರಿನ ಮೇಲೆ ಅವರ ಕಣ್ಣು ಬಹಳ ಹೊತ್ತು ನಿಂತಿತು.

"ಛಲೋ. ಇದಕ್ಕೇ ತೋರಣ ಕಟ್ಟಿದ್ರ ನಿನ್ನ ಮದಿವಿಗಿ ಯಾವಾಗ ಕಟ್ಟತಾಳಂತ ಕೇಳು ನಿಮ್ಮವ್ವಗ."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಸೆರಗು ಸರಿಪಡಿಸಿಕೊಂಡು ಹೊಸ್ತಿಲಿಗೆ ಬಂದು ನಿಂತಳು.

"ಯಾವಾಗ ಅನ್ನೋದು ಇಕೀನೇ ಹೇಳ್ತಾಳ್ರಿ, ಬಾವಾರ."