ಬಿಸಿಲಿಗೆ ಸಿಕ್ಕ ಕೊರ್ಲಹಳ್ಳಿಯ ಹೆಪ್ಪು

ಕೊರ್ಲಹಳ್ಳಿಯಿಂದ ಹರ್ತಿಗೆ ಸೊಸೆಯಾಗಿ ಬಂದಾಗ ಸಾವಿತ್ರೆವ್ವ ತಂದದ್ದರಲ್ಲಿ ಇವತ್ತಿಗೆ ಉಳಿದಿರುವುದು ಅವ್ವನ ಮನೆಯ ಹೆಪ್ಪೊಂದೇ. ಮೈಮೇಲಿನ ಬಂಗಾರ ಬಾವಿ ತೋಡಿಸಲು ಹೋಯಿತು. ಹಿತ್ತಾಳೆಯ ಕೊಡ ತೂತುಬಿತ್ತು. ಗಂಡ ಉಳವಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಹೆಪ್ಪು ಮಾತ್ರ ನಲವತ್ತೆರಡು ವರ್ಷದಿಂದ ಗಡಿಗೆಯಿಂದ ಗಡಿಗೆಗೆ ದಾಟುತ್ತ ಬಂದಿತ್ತು. ಅದರ ಮೊಸರೆಂದರೆ ಕೊಯ್ದು ತೆಗೆಯುವಷ್ಟು ಗಟ್ಟಿ. ನಾಲಿಗೆಗೆ ಮೊದಲು ಹುಳಿ, ನುಂಗಿದ ಮೇಲೆ ಒಂದಿಷ್ಟು ಸಿಹಿ. ಅದನ್ನೇ ತಲೆಯ ಮೇಲೆ ಹೊತ್ತು ಬೆಟಗೇರಿಯ ಓಣಿ ಓಣಿ ತಿರುಗಿ ಅವಳು ಸಂಸಾರ ದಡ ಹಚ್ಚಿದ್ದಳು. ಕೊರ್ಲಹಳ್ಳಿ ಹೆಪ್ಪಿನ ಮೊಸರು ಎಂದು ಹೇಳಿಯೇ ಮಾರುತ್ತಿದ್ದಳು, ಅದರಲ್ಲಿ ಅವಳಿಗೆ ಬಲು ಹೆಮ್ಮೆ.

ಎಮ್ಮೆ ಹಾಲು ಬತ್ತಿಸಿಕೊಂಡ ತಿಂಗಳುಗಳಲ್ಲಿ ಹೆಪ್ಪನ್ನು ಕಾಯುವುದಕ್ಕೆ ಅವ್ವ ಕಲಿಸಿದ ರೀತಿಯೊಂದಿತ್ತು. ಕುದಿಸಿ ಒಣಗಿಸಿದ ಬಿಳಿ ಅರಿವೆಯ ತುಂಡನ್ನು ಮೊಸರಿನಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ, ಜೋಳ ತುಂಬಿದ ಗಡಿಗೆಯಲ್ಲಿ ಹುದುಗಿಸಿಡುವುದು. ಎಮ್ಮೆ ಈದು ಗಿಣ್ಣದ ದಿನ ಕಳೆದ ಮೇಲೆ ಆ ಅರಿವೆಯನ್ನು ಉಗುರುಬೆಚ್ಚಗಿನ ಹಾಲಿಗೆ ಬಿಟ್ಟರೆ ಹೆಪ್ಪು ಮತ್ತೆ ಎಚ್ಚರಾಗುತ್ತಿತ್ತು. ಅರಿವೆ ಆರಿಸುವ ಹಗ್ಗ ಹಿತ್ತಲ ಬೇವಿನ ಗಿಡದ ಕೆಳಗಿತ್ತು.

ಈ ವರ್ಷ ಅರಿವೆ ಹಾಕುವ ಎರಡು ದಿನ ಮೊದಲು, ತಂತಿಗೆ ತಾಗುತ್ತವೆಂದು ಕರೆಂಟಿನವರು ಬೇವಿನ ಟೊಂಗೆಗಳನ್ನೆಲ್ಲ ಸವರಿ ಹೋಗಿದ್ದರು. ಅದು ಅವಳಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ನಲವತ್ತೆರಡು ವರ್ಷದ ರೂಢಿಯ ಕೈ ಅದೇ ಹಗ್ಗಕ್ಕೆ ಅರಿವೆ ಹಾಕಿತು, ಅವಳು ಹೊಲಕ್ಕೆ ನಡೆದಳು. ಮಧ್ಯಾಹ್ನ ಬಂದು ನೋಡಿದರೆ ರಣರಣ ಬಿಸಿಲಿನಲ್ಲಿ ಅರಿವೆ ಹಪ್ಪಳದಂತೆ ಸೆಟೆದು ನಿಂತಿದೆ. ಯಾರಿಗೂ ಹೇಳದೆ ಅದನ್ನು ಮಡಚಿ ಜೋಳದೊಳಗಿಟ್ಟಳು. ಎರಡು ತಿಂಗಳು ಅದು ಅಲ್ಲೇ ಇತ್ತು.

ಎಮ್ಮೆ ಈದಿತು. ಒಂದು ಸಂಜೆ ಅರಿವೆಯನ್ನು ಹಾಲಿಗೆ ಬಿಟ್ಟಳು. ಬೆಳಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು.

ಸೊಸೆ ಸುನಿತಾ ಇಣುಕಿ ನೋಡಿದಳು. "ಹೋಗ್ಲಿ ಬಿಡ್ರಿ ಅತ್ತಿ. ಬಾಜೂ ಮನಿಯಿಂದ ಒಂದ ಚಮಚ ಹೆಪ್ಪ ತರ್ತೇನಿ. ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತಾಗತೈತಿ. ಹೆಸರ ಹೇಳಿ ಮಾರಾಕಿ ನಾನು."

ಮೊಮ್ಮಗಳು ಅಂಕಿತಾ ಗದಗಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವವಳು. ಆ ಹಾಲನ್ನು ಒಂದು ಸಣ್ಣ ಬಾಟಲಿಗೆ ಹಾಕಿಕೊಂಡು ಒಂಬತ್ತರ ಬಸ್ಸಿಗೆ ಹೋದಳು. ಸಂಜೆ ಬಂದವಳೇ ಅಜ್ಜಿಯ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಚಿತ್ರ ತೋರಿಸಿದಳು.

"ಸೂಕ್ಷ್ಮದರ್ಶಕದಾಗ ನೋಡಿದೆ ಅಜ್ಜಿ. ಇವು ನಿನ್ನ ಹೆಪ್ಪಿನ ಬ್ಯಾಕ್ಟೀರಿಯಾ. ಬಾಳ ಸತ್ತಾವ. ಉಳದಾವು ಹೆಂಗದಾವ ನೋಡು."

"ಶಾವಗಿ ಎಳಿ ಇದ್ದಂಗ ಅದಾವಲ್ಲ."

"ಅದ ನೋಡು. ಅಕ್ಕಿ ಕಾಳಿನಂಗ ಮೋಟ ಇರಬೇಕಿತ್ತು. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡಕೋಂತ ಹೋದ್ರ ಹಾಲು ಮೊಸರಾಗತೈತಿ. ಇವು ಉದ್ದ ಬೆಳಿಯಾಕ ಹತ್ಯಾವ, ಒಡಿಯೋದು ನಿಲ್ಲಿಸ್ಯಾವ." ಅಂಕಿತಾ ಅಜ್ಜಿಯ ಮುಖ ನೋಡಿದಳು. "ಅರಿವಿ ಬಿಸಲಿಗೇನರ ಹಾಕಿದ್ದೇನು?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸುನಿತಾಳ ಕೈ ನಿಂತಿತು. ಸಾವಿತ್ರೆವ್ವ ನೆಲ ನೋಡುತ್ತ ಹೇಳಿದಳು. "ಹಾಕಿದ್ನವಾ. ನಾನ ಹಾಕಿದ್ದೆ."

"ಪ್ರತಿಯೊಂದರ ಒಳಗೂ ಡಿಎನ್‌ಎ ಅಂತ ಒಂದು ಎಳಿ ಇರತೈತಿ ಅಜ್ಜಿ. ಹೆಂಗ ಬದುಕಬೇಕು ಅನ್ನೋದೆಲ್ಲಾ ಅದರಾಗ ಬರದಿರತೈತಿ. ಬಿಸಲಿಗೆ ಆ ಎಳಿ ಕೆಟ್ಟೈತಿ. ಕೆಟ್ಟ ಎಳಿ ಇಟಗೊಂಡು ಒಡದ್ರ ಹುಟ್ಟೋ ಎರಡಕ್ಕೂ ಕೆಟ್ಟಿದ್ದ ಬರತೈತಿ. ಅದಕ್ಕ ಮೊದಲ ರಿಪೇರಿ ಮಾಡ್ಕೋತಾವ. ಅದು ಮುಗಿಯೋತನಕ ಬ್ಯಾರಿ ಆಗಂಗಿಲ್ಲ."

ಸಾವಿತ್ರೆವ್ವ ಬಹಳ ಹೊತ್ತು ಆ ಎಳೆಗಳನ್ನೇ ನೋಡಿದಳು. "ಮನಷ್ಯಾರಕಿಂತ ಶಾಣ್ಯಾ ಅದಾವ ಬಿಡು. ನಿಮ್ಮ ಅಜ್ಜ, ಅವರ ಅಣ್ಣ, ಮಾಳಗಿ ಸೋರತಿರಬೇಕಾದ್ರನ ಪಾಲ ಮಾಡ್ಕೊಂಡ್ರು. ಮುಂದ ಎರಡೂ ಪಾಲ ಸೋರಿದ್ವು."

ಮೂವರೂ ನಕ್ಕರು. ನಗು ಮುಗಿದ ಮೇಲೆ ಅವಳು ಕೇಳಿದಳು: "ಬದುಕತಾವೇನ?"

"ಕೆಲವು ಬದುಕಬಹುದು. ರಿಪೇರಿಗೆ ಬಾಳ ಹೊತ್ತ ಬೇಕಾಗಿಲ್ಲ, ಆದ್ರ ಉಳದಾವು ಕಡಿಮಿ. ಹೊಸ ಹಾಲು ಚಲೋತ್ನಂಗ ಕಾಸಿ ಆರಿಸಿ, ಈ ಅರಿವಿ ಹಾಲಿನಾಗಿಂದು ಎರಡ ಚಮಚ ಹಾಕಿ ಬೆಚ್ಚಗ ಇಡು. ನೋಡೂಣು."

ಸಾವಿತ್ರೆವ್ವ ಹಾಗೆಯೇ ಮಾಡಿದಳು. ಗಡಿಗೆಗೆ ಕೌದಿ ಸುತ್ತಿ ಒಲೆಯ ಮಗ್ಗುಲಲ್ಲಿಟ್ಟಳು. ಘಳಿಗೆಗೊಮ್ಮೆ ಹೋಗಿ ಕೈಯಿಟ್ಟು ನೋಡುವಳು.

ಮರುದಿನ ಬೆಟಗೇರಿಯಲ್ಲಿ ಊಟದ ಅಂಗಡಿ ನಡೆಸುವ ರಹಮಾನಸಾಬ ಫೋನು ಮಾಡಿದ. ಇಪ್ಪತ್ತು ವರ್ಷದ ಗಿರಾಕಿ. "ಅವ್ವಾರ, ಎಮ್ಮಿ ಈದೈತಂತ ಖಬರ ಬಂತು. ಮೊಸರ ಎಲ್ಲೈತ್ರಿ?"

"ಹೆಪ್ಪ ಇನ್ನ ಆಗಿಲ್ರಿ."

"ಯಾವದರ ಹೆಪ್ಪ ಹಾಕಿ ಜಲ್ದಿ ತರ್ರಿ. ಉಣ್ಣಾಕ ಕುಂತವರಿಗೆ ಏನ ತಿಳಿತೈತಿ?"

ಬಾಜೂ ಮನೆಯ ಮೊಸರ ಗಡಿಗೆ ಗೋಡೆಯಾಚೆ ನಾಲ್ಕು ಮಾರು ದೂರದಲ್ಲಿತ್ತು. ಒಂದು ಚಮಚ ತಂದು ಹಾಕಿದ್ದರೆ ಸಂಜೆಯೊಳಗೆ ಎಲ್ಲ ಸುಸೂತ್ರ. ಅವಳು ಹೇಳಿದಳು: "ನಾನ ಬಿಸಲಿಗೆ ಹಾಕಿ ಕೆಡಿಸೀನ್ರಿ. ಸುಧಾರಿಸ್ಕೊಳ್ಳಾಕ ಹತ್ತೈತಿ. ಬದುಕಿದ್ರ ತರ್ತೇನಿ."

"ಮೊಸರಿಗೂ ಬಾಣಂತನ ಮಾಡಾಕ ಹತ್ತೀರೇನ್ರಿ?"

"ಹೌದ್ರಿ. ತವರಮನಿ ಕಡೀದದು. ಮಾಡ್ಲೇಬೇಕು."

ಹೀಗೆ ಹಿಂದಿನದರ ಎರಡು ಚಮಚ ಹಾಕುತ್ತ ಮೂರನೆಯ ಸಲ ಹೊಸ ಹಾಲಿಗೆ ಬದಲಿಸಿದ ಮೇಲೆ ಗಡಿಗೆ ಓರೆ ಮಾಡಿದರೆ ಹಾಲು ಅಲುಗಲಿಲ್ಲ. ಅಂಚಿನಲ್ಲಿ ಒಂದಿಷ್ಟು ನೀರೊಡೆದಿತ್ತು, ನಡುವೆ ಮೊಸರು ಕೂತಿತ್ತು. ಸಾವಿತ್ರೆವ್ವ ಕಿರುಬೆರಳಿನಿಂದ ತೆಗೆದು ನಾಲಿಗೆಗಿಟ್ಟುಕೊಂಡಳು. ಹುಳಿ ಹತ್ತಿತು. ನುಂಗಿದಳು, ಕಾದಳು. ಹಿಂದಿನಿಂದ ಬರಬೇಕಾದ ಸಿಹಿ ಬರಲಿಲ್ಲ.

"ಇದ್ಯಾಕ ಹಿಂಗಾತು?"

"ಅವಸರದಾಗ ತೇಪಿ ಹಚ್ಚೂಮುಂದ ಆ ಎಳಿಯಾಗ ಬರದಿದ್ದರಾಗ ಒಂದೊಂದು ಅಕ್ಷರ ತಪ್ಪತೈತಿ ಅಜ್ಜಿ," ಎಂದಳು ಅಂಕಿತಾ. "ಇಲ್ಲಾಂದ್ರ, ಹೆಪ್ಪಿನಾಗ ಎರಡ ಮೂರ ನಮೂನಿ ಇರತಾವ, ಸಿಹಿ ಕೊಡಾವು ಸತ್ತು ಹುಳಿ ಮಾಡಾವು ಉಳದಿರಬೇಕು. ಯಾವದು ಖರೆ ಅಂತ ನನಗ ಹೇಳಾಕ ಬರಂಗಿಲ್ಲ."

ಸಾವಿತ್ರೆವ್ವ ಗಡಿಗೆಯ ಮುಂದೆ ಕೂತೇ ಇದ್ದಳು. ಅವ್ವನ ರುಚಿ ಹೋಯಿತು, ಅವ್ವನ ಎಳೆ ಉಳಿಯಿತು. ಇದನ್ನು ಏನೆಂದು ಕರೆಯಬೇಕು? ಹದಿನೇಳರ ಹುಡುಗಿಯಾಗಿ ಹೊಳೆಯ ದಂಡೆಯ ಕೊರ್ಲಹಳ್ಳಿ ಬಿಟ್ಟವಳು ತಾನೂ ಈಗ ಹಾಗೆಯೇ ಉಳಿದಿಲ್ಲ. ಎಷ್ಟು ಕಡೆ ಹರಿದು, ಎಷ್ಟು ಕಡೆ ಹೊಲಿದುಕೊಂಡದ್ದಾಯಿತು. ಅವ್ವ ಬದುಕಿದ್ದು ಈಗ ಎದುರಿಗೆ ಬಂದರೆ ಗುರುತು ಹಿಡಿಯಲು ಒಂದು ಘಳಿಗೆ ಬೇಕಾದೀತು. ಆದರೆ ಹಿಡಿದಾಳು.

ಮರುದಿನ ಬೆಟಗೇರಿಯಲ್ಲಿ ರಹಮಾನಸಾಬ ಅಂಗೈಯಲ್ಲಿ ಮೊಸರು ಹಾಕಿಸಿಕೊಂಡು ನೆಕ್ಕಿದ. ಹುಬ್ಬು ಮೇಲೇರಿತು. "ಹುಳಿ ಒಂದೀಟ ಮುಂದೈತಲ್ರಿ ಅವ್ವಾರ."

"ಹೌದ್ರಿ. ಇನ್ನ ಮ್ಯಾಲೆ ಹಿಂಗ ಇರತೈತಿ. ನಮ್ಮವ್ವನ ಕೈಯಾಗಿನ ರುಚಿ ಇದರಾಗಿಲ್ಲ. ಬ್ಯಾಡಾದ್ರ ಈಗ ಹೇಳಿಬಿಡ್ರಿ."

ಅವನು ಅಂಗೈ ಇನ್ನೊಮ್ಮೆ ನೆಕ್ಕಿ ಪಾತೇಲಿ ಮುಂದಿಟ್ಟ. "ನಿಮ್ಮವ್ವನ್ನ ನಾ ಎಲ್ಲಿ ನೋಡೀನ್ರಿ? ನಿಮ್ಮನ್ನ ನೋಡೀನಿ. ಸುರುವ್ರಿ."

ಸಾವಿತ್ರೆವ್ವ ಗಡಿಗೆ ಬಗ್ಗಿಸಿ, ಪಾತೇಲಿಯ ಕಂಠದವರೆಗೂ ಮೊಸರು ಸುರುವಿದಳು.