ಹಗೇವಿನ ಬಾಯಿ ತೆರೆದ ಸೋಮವಾರ

ಉಪವಾಸ ಮಾಡಿದರೆ ಪುಣ್ಯ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಮನೆಯಲ್ಲಿ ಸೋಮವಾರದ ಉಪವಾಸ ಹಿಡಿಸಿದವಳು ನನ್ನ ಅತ್ತೆ. ಅದೂ ಮಾವ ಸತ್ತ ಮೇಲೆ.

ಚಿಂಚೋಳಿ ಕಡೆಯ ಐನಾಪುರದಲ್ಲಿ ನಮ್ಮ ಮನೆ. ಅಂಗಳದಲ್ಲಿ ಜೋಳ ತುಂಬಿಡುವ ನೆಲಗುಂಡಿ, ಹಗೇವು, ಇತ್ತು. ಅದರ ಬಾಯಿಗೆ ಶಹಾಬಾದಿನ ಹಾಸುಗಲ್ಲು. ಕಲ್ಲು ಸರಿಸಿದ ಮೇಲೆ ಒಂದು ಹಗಲು, ಒಂದು ರಾತ್ರಿ ಹಾಗೇ ಬಿಡಬೇಕು. ಒಳಗಿನ ಕಾವು ಹೋಗದೆ ಇಳಿದರೆ ಉಸಿರು ಕಟ್ಟುತ್ತದೆ. ಮಾವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಸಿವು ತಡೆಯದ ಮನುಷ್ಯ. ಮನೆಯಲ್ಲಿ ಹಿಟ್ಟಿಲ್ಲ ಎಂದು ಸಿಟ್ಟಾಗಿ, ಕಲ್ಲು ಸರಿಸಿದ ಕೂಡಲೇ ಇಳಿದ. ಹಗ್ಗ ಹಾಕಿ ಹೆಣ ಎತ್ತಿದರು.

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷ ಮತ್ತೆ ಅದೇ ಹಗೇವು ತೆಗೆಯಬೇಕಾಯಿತು. ಅತ್ತೆ ಬೇಕೆಂದೇ ಸೋಮವಾರ ಬಾಯಿ ತೆಗೆಸಿದಳು. ಗಂಡಸರು ಇಳಿಯುವುದು ಮರುದಿನ. ಹೊತ್ತು ಮುಳುಗಿ ಲಿಂಗಪೂಜೆಯಾಗುವವರೆಗೆ ಯಾರೂ ಉಣ್ಣುವುದಿಲ್ಲ, ಹಾಗಾಗಿ ಜೋಳಕ್ಕೆ ಯಾರೂ ಅವಸರ ಮಾಡುವುದಿಲ್ಲ ಎಂಬುದು ಅವಳ ಲೆಕ್ಕ. ಮಠಕ್ಕೆ ಹೋಗುವಾಗ ನನಗೂ ನಾದಿನಿಗೂ ಹೇಳಿದ್ದು ಇಷ್ಟೇ: “ಹಸಿವು ಕರೀತದ. ಕರೀಲಿ. ಓ ಅನಬ್ಯಾಡ್ರಿ.”

ನಡು ಮಧ್ಯಾಹ್ನ. ಓಣಿಯಲ್ಲಿ ನಾಯಿಯೂ ಇಲ್ಲ. ನಾನು ಪಡಸಾಲೆಯಲ್ಲಿ ಬೇಳೆ ಆರಿಸುತ್ತಿದ್ದೆ. ಅಂಗಳದಲ್ಲಿ ನಾದಿನಿ “ಓ” ಎಂದಳು. ಎದ್ದು ನೋಡಿದರೆ ಹುಡುಗಿ ಹಗೇವಿನ ಬಾಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ಓಡಿ ಹೋಗಿ ಹೆರಳು ಹಿಡಿದೆ.

“ಬಿಡ್ರಿ ವೈನಿ, ಅಪ್ಪ ಕರೀಲಿಕತ್ತಾನ. ಭಾಳ ಹಸದಾನ.”

“ಹಸಿವು ನಿನಗೂ ಆಗ್ಯಾದ. ಹೊತ್ತು ಮುಳುಗಲಿ.”

ಹೀಗೆ ಅಂದೆನಾದರೂ ನನಗೂ ಕೇಳಿಸಿತು. ಮಾವ ಊಟಕ್ಕೆ ಕೂತು ಕರೆಯುವ ದನಿ, ಸಣ್ಣದು, ಸಿಟ್ಟಿಲ್ಲದ್ದು. ಕರೆದದ್ದು ನನ್ನನ್ನು. ಮೈ ತಾನೇ ಮುಂದಕ್ಕೆ ವಾಲುತ್ತಿತ್ತು. ಪ್ರತಿ ಸೋಮವಾರ ಈ ಹೊತ್ತಿಗೆ ಹೊಟ್ಟೆಯೂ ಹೀಗೇ ಕರೆಯುತ್ತಿತ್ತು: ಏಳು, ಒಂದು ತುತ್ತು, ಯಾರೂ ನೋಡುವುದಿಲ್ಲ. ಅದಕ್ಕೆ ಉತ್ತರ ಕೊಡದೆ ಕೂತು ಕೂತು ರೂಢಿಯಾಗಿತ್ತು. ಭಕ್ತಿ ಅಲ್ಲ, ಬರೀ ರೂಢಿ. ಅಂದು ಕೆಲಸಕ್ಕೆ ಬಂದದ್ದು ಅದೇ. ಹೆರಳನ್ನು ಕೈಗೆ ಸುತ್ತಿಕೊಂಡು ಕೂತೇ ಇದ್ದೆ.

ಅತ್ತೆ ಬಂದಳು. ಮಗಳನ್ನು ಹಿಂದಕ್ಕೆ ಎಳೆದು ಕೂಡಿಸಿ, ಕಂದೀಲಿಗೆ ಹಗ್ಗ ಕಟ್ಟಿ ಒಳಗೆ ಬಿಟ್ಟಳು. ಆಳುದ್ದ ಇಳಿಯುವುದರೊಳಗೆ ಉರಿ ಬಾಗಿತು. ಯಾರೋ ಬೆರಳಿನಿಂದ ಚಿವುಟಿದಂತೆ ಆರಿತು. ಅವಳು ಬಗ್ಗಿ ಆ ಕತ್ತಲೆಗೆ ಹೇಳಿದಳು: “ನೀವು ತಡೀಲಿಲ್ಲ. ನಾವು ತಡೀತೀವಿ.”

ಸಂಜೆ ಪೂಜೆ ಮುಗಿಸಿ, ನೆರೆಮನೆಯಿಂದ ತಂದ ಹಿಟ್ಟಿನ ರೊಟ್ಟಿ ಉಂಡೆವು. ನಾದಿನಿ ಚೆನ್ನಾಗಿ ಉಂಡು ಅಲ್ಲೇ ಮಲಗಿದಳು. ಬರಿಹೊಟ್ಟೆಯಲ್ಲಿದ್ದರೆ ಕಿವಿಗೆ ಇಲ್ಲದ ದನಿ ಕೇಳುತ್ತದೆ ಎಂದು ಓದಿದವರು ಈಗ ಹೇಳುತ್ತಾರೆ. ಇರಬಹುದು. ಆದರೆ ನಾನು ಹೊಟ್ಟೆ ತುಂಬ ಉಂಡು ತಾಟು ತೊಳೆಯುವಾಗಲೂ ಅದು ಕರೆಯಿತು, ಹೆಸರು ಹಿಡಿದು. ನಾನು ಉಳಿದ ತಾಟುಗಳನ್ನು ತೊಳೆದೆ.