ಅರ್ಜಿಯ ಆರನೇ ಚೌಕ

ಜನರ ಅರ್ಜಿ ತುಂಬಿಕೊಡುವುದರಲ್ಲಿ ತಮಿಳು ಗಡಿಯಾಚೆಯ ನಮ್ಮ ಸೀಮೆಯಲ್ಲಿ, ಜೂಜುವಾಡಿಯಿಂದ ತಳಿ ಊರಿನವರೆಗೆ, ನನ್ನನ್ನು ಮೀರಿಸಿದವರಿಲ್ಲ. ನನ್ನ ಅಕ್ಷರ ಕಂಡರೆ ಗುಮಾಸ್ತರು ಎದ್ದು ನಿಲ್ಲುತ್ತಾರೆ. ಸರಿ, ಎದ್ದು ನಿಲ್ಲದಿದ್ದರೂ ನೆಟ್ಟಗೆ ಕೂರುತ್ತಾರೆ.

ಅಂಥ ನನ್ನ ಮೇಜಿಗೆ ಆಲಸನತ್ತಂನ ಲಕ್ಷ್ಮಕ್ಕ ತನ್ನ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿಯನ್ನು ಕರೆತಂದಳು. ಹೆಸರು ನಸ್ರೀನ್, ಇರಾನಿನವಳು, ಬೆಂಗಳೂರಲ್ಲಿದ್ದು ಕನ್ನಡ ಕಲಿತವಳು. ನರ್ಸಿಂಗ್ ಕಾಲೇಜಿನ ಅರ್ಜಿಗೆ ಅವತ್ತೇ ಕೊನೆಯ ದಿನ. ಧರ್ಮದ ಸಾಲಿನಲ್ಲಿ ಐದು ಚೌಕ ಅಚ್ಚಾಗಿದ್ದವು. ಅವಳ ಬಹಾಯಿ ಧರ್ಮಕ್ಕೆ ಮಾತ್ರ ಚೌಕವಿರಲಿಲ್ಲ.

"ಯಾವುದಾದ್ರೂ ಒಂದಕ್ಕೆ ಟಿಕ್ ಹಾಕಮ್ಮ, ಯಾರು ನೋಡ್ತಾರೆ?" ಅಂದೆ.

"ನಮ್ಮ ದೇಶದಲ್ಲೂ ಹಿಂಗೇ ಅಂದ್ರು ಅಂಕಲ್. ನಾನು ಬಹಾಯಿ ಅಂತಲೇ ಬರೆದೆ. ಸರ್ಕಾರ ಕಾಲೇಜಿಗೆ ಸೇರಿಸಲಿಲ್ಲ, ಅಪ್ಪನ ಅಂಗಡಿಗೂ ಬೀಗ ಹಾಕಿಸ್ತು. ಅಲ್ಲಿ ಹೇಳದ ಸುಳ್ಳು ಇಲ್ಲಿ ಹೇಳಲಾ?"

ಲಕ್ಷ್ಮಕ್ಕ ನಕ್ಕಳು. "ಇವನ ಮಾತು ಕೇಳ್ಬೇಡ ಕಣಮ್ಮ. ತನ್ನ ಎಲ್ಲಾ ಅರ್ಜೀಲೂ ಹತ್ತು ವರ್ಸ ಚಿಕ್ಕವನಾಗ್ಬುಟ್ಟವ್ನೆ!"

ನನಗೆ ರೋಷ ಬಂತು. ಸ್ಕೇಲಿಟ್ಟು ಆರನೇ ಚೌಕ ಎಳೆದು, ಪಕ್ಕದಲ್ಲಿ ಬಹಾಯಿ ಎಂದು ಬರೆದು, ಅವಳ ಜೊತೆ ನಾನೇ ಕಾಲೇಜಿಗೆ ಹೋದೆ.

"ಇದು ಯಾರ್ ಪೋಟ್ಟದು?" ಚೌಕ ಹಾಕಿದ್ದು ಯಾರೆಂದು ಗುಮಾಸ್ತ ತಮಿಳಿನಲ್ಲಿ ಗದರಿದ.

"ನಾನೇ ಸಾರ್. ನಿಮ್ಮ ಪ್ರೆಸ್ಸಿನವರು ಮರೆತಿದ್ರು."

ಅವನು ಚೌಕವನ್ನೊಮ್ಮೆ, ನಸ್ರೀನಳನ್ನೊಮ್ಮೆ ನೋಡಿ ಅರ್ಜಿಗೆ ಸೀಲು ಒತ್ತಿದ.

ಮರುವಾರ ನನ್ನದೇ ಒಂದು ಅರ್ಜಿ ತುಂಬಲು ಕೂತೆ. ವಯಸ್ಸಿನ ಸಾಲಿಗೆ ಬಂದಾಗ ಪೆನ್ನು ಮುಂದಕ್ಕೆ ಹೋಗಲಿಲ್ಲ. ಕೊನೆಗೆ ನಿಜ ಬರೆದೆ. ಒಂದೇ ನಿಮಿಷದಲ್ಲಿ ಹತ್ತು ವರ್ಷ ಮುದುಕನಾದವನು ಈ ಸೀಮೆಯಲ್ಲಿ ನಾನೊಬ್ಬನೇ.